ಜೋಳ ಹೋಯಿತು, ಚೆಕ್ ಉಳಿಯಿತು: ಜಗಳೂರು ತಾಲೂಕಿನ ಒಂದು ಪ್ರಕರಣ

ಜಗಳೂರು ತಾಲೂಕಿನ ರೈತರೊಬ್ಬರಿಗೆ ದಾವಣಗೆರೆಯ ವ್ಯಾಪಾರಿಯೊಬ್ಬ ಮೆಕ್ಕೆಜೋಳದ ಹಣ ಕೊಡಬೇಕಿತ್ತು. ಕೊಡಬೇಕೆಂಬುದು ರೈತರಿಗೆ ಗೊತ್ತಿತ್ತು, ವ್ಯಾಪಾರಿಗೆ ಗೊತ್ತಿತ್ತು, ಊರಿಗೇ ಗೊತ್ತಿತ್ತು. ಆದರೂ ಹಣ ಕೈಸೇರುವ ಹೊತ್ತಿಗೆ ಎರಡು ಮಳೆಗಾಲ ಕಳೆದಿದ್ದವು. ಚೆಕ್ ಪ್ರಕರಣದಲ್ಲಿ ನ್ಯಾಯಾಲಯ ಮೊದಲು ನೋಡುವುದು ತಾರೀಖುಗಳನ್ನು. ಬಾಕಿ ಇತ್ತೇ ಇಲ್ಲವೇ ಎಂಬ ವಿಚಾರಣೆ ಆಮೇಲಿನದು. ತಾರೀಖು ತಪ್ಪಿದವನ ಸತ್ಯವನ್ನು ಕೇಳುವವರೇ ಇರುವುದಿಲ್ಲ. ನನ್ನ ವಕೀಲಿ ಕಚೇರಿಗೆ ಚೆಕ್ ಹಿಡಿದು ಬರುವ ಹತ್ತು ಜನರಲ್ಲಿ ಮೂರ್ನಾಲ್ಕು ಜನ ಇಲ್ಲಿಯೇ ಎಡವಿರುತ್ತಾರೆ. ಹಾಗಾಗಿ ಈ ಒಂದು ಪ್ರಕರಣವನ್ನು ಆರಂಭದಿಂದ ಕೊನೆಯವರೆಗೆ ಬಿಡಿಸಿ ಬರೆಯುತ್ತಿದ್ದೇನೆ.

ಹೆಸರು, ಊರು ಬಿಟ್ಟಿದ್ದೇನೆ. ಗುರುತು ಸಿಗದಂತೆ ಮೊತ್ತವನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದೇನೆ.

ವ್ಯವಹಾರ ನಡೆದದ್ದು

2022ರ ನವೆಂಬರ್ ಕೊನೆ. ಒಕ್ಕಣೆ ಮುಗಿದು ಕಣದಲ್ಲಿ ಜೋಳದ ರಾಶಿ ಬಿದ್ದಿತ್ತು. ಆ ಹಂಗಾಮಿಗೆ ಕೇಂದ್ರ ಸರ್ಕಾರ ಮೆಕ್ಕೆಜೋಳಕ್ಕೆ ನಿಗದಿ ಮಾಡಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 1,962 ರೂಪಾಯಿ. ವ್ಯಾಪಾರಿ ಕಣಕ್ಕೇ ಬಂದು, ತೇವಾಂಶ ನೋಡುವ ಯಂತ್ರಕ್ಕೆ ಒಂದು ಹಿಡಿ ಕಾಳು ಹಾಕಿ, 2,000 ರೂಪಾಯಿ ಕೊಡುವುದಾಗಿ ಹೇಳಿದ. ಎಪಿಎಂಸಿಗೆ ಸಾಗಿಸುವ ಬಾಡಿಗೆ, ಹಮಾಲಿ ಎಲ್ಲ ಉಳಿಯುತ್ತದೆ ಎಂಬ ಲೆಕ್ಕ ರೈತರಿಗೂ ಹಿಡಿಸಿತು. ಎರಡು ಲಾರಿ ಲೋಡ್ ಆಯಿತು. ವೇಬ್ರಿಡ್ಜ್‌ನಲ್ಲಿ ಒಂದು 104 ಕ್ವಿಂಟಲ್ 60 ಕೆಜಿ, ಇನ್ನೊಂದು 105 ಕ್ವಿಂಟಲ್ 40 ಕೆಜಿ. ಒಟ್ಟು 210 ಕ್ವಿಂಟಲ್. ಹಣ 4,20,000 ರೂಪಾಯಿ.

ಕೈಗೆ ಬಂದದ್ದು ಒಂದು ಚೆಕ್. ತಾರೀಖು ಡಿಸೆಂಬರ್ 5. ‘ಎಂಟು ದಿನ ಬಿಟ್ಟು ಹಾಕಿ, ಯಜಮಾನರೇ, ಮಿಲ್‌ನವರು ನನಗೆ ಕೊಡುತ್ತಿದ್ದಂತೆ ನಿಮ್ಮ ಖಾತೆಗೆ ಬಂದುಬಿಡುತ್ತದೆ’ ಎಂದು ಹೇಳಿ ವ್ಯಾಪಾರಿ ಲಾರಿ ಹತ್ತಿದ. ಬಿಲ್ ಇಲ್ಲ, ಪಟ್ಟಿ ಇಲ್ಲ. ಎಪಿಎಂಸಿ ಪ್ರಾಂಗಣದಲ್ಲಿ ಟೆಂಡರ್ ಆಗಿ ಮಾರಾಟವಾಗಿದ್ದರೆ ತೂಕ, ದರ, ಖರೀದಿದಾರ ಎಲ್ಲವೂ ಕಾಗದಕ್ಕೆ ಬಂದಿರುತ್ತಿತ್ತು. ಕಣದ ವ್ಯಾಪಾರದಲ್ಲಿ ಇರುವುದು ಬಾಯಿಮಾತು, ಲಾರಿಯ ಧೂಳು, ವೇಬ್ರಿಡ್ಜ್‌ನ ಎರಡು ಚೀಟಿ.

ಡಿಸೆಂಬರ್ 7ರಂದು ರೈತರು ಚೆಕ್ಕನ್ನು ಜಗಳೂರಿನ ತಮ್ಮ ಬ್ಯಾಂಕ್ ಶಾಖೆಗೆ ಹಾಕಿದರು. 9ರಂದು ಅದು ‘ಖಾತೆಯಲ್ಲಿ ಸಾಕಷ್ಟು ಹಣವಿಲ್ಲ’ ಎಂಬ ಮೆಮೊ ಸಮೇತ ವಾಪಸು ಬಂತು. ಅವರು ವ್ಯಾಪಾರಿಗೆ ಫೋನ್ ಮಾಡಿದರು. ಸಂಕ್ರಾಂತಿ ಕಳೆಯಲಿ ಎಂದ. ಪೊಲೀಸ್ ಠಾಣೆಗೆ ಹೋದರು. ಇದು ಕೊಡು-ತೆಗೆದುಕೊಳ್ಳುವ ವ್ಯವಹಾರ, ಕೋರ್ಟಿಗೆ ಹೋಗಿ ಎಂದರು. ಠಾಣೆಯವರು ಹಾಗೆ ಹೇಳಿದರೆ ಜನಕ್ಕೆ ಸಿಟ್ಟು ಬರುತ್ತದೆ, ಆದರೆ ಚೆಕ್ ಅಮಾನ್ಯವಾದ ಅಪರಾಧಕ್ಕೆ ದೂರು ಕೊಡಬೇಕಾದದ್ದು ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ. ಠಾಣೆಯಲ್ಲಿ ಎಫ್‌ಐಆರ್ ಆಗುವ ಬಾಬತ್ತು ಅದಲ್ಲ. ಡಿಸೆಂಬರ್ 28ರಂದು ವ್ಯಾಪಾರಿ ರೈತರ ಮಗನ ಮೊಬೈಲ್‌ಗೆ 60,000 ರೂಪಾಯಿ ಹಾಕಿದ. ಮನೆಯವರಿಗೆ ಸಮಾಧಾನವಾಯಿತು. ಆ ಸಮಾಧಾನವೇ ಮುಂದೆ ತೊಡಕಾಯಿತು.

ಮೂವತ್ತು ದಿನ ಕಳೆದ ಮೇಲೆ

ಸಂಕ್ರಾಂತಿಯ ಮರುದಿನ, 2023ರ ಜನವರಿ 16ರಂದು, ತಂದೆ, ಮಗ, ಸೊಸೆ ಮೂವರೂ ಬಂದರು. ಚೆಕ್ ಮತ್ತು ಬ್ಯಾಂಕಿನ ಮೆಮೊ ಎರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿಟ್ಟು ತಂದಿದ್ದರು. ಮೆಮೊದ ತಾರೀಖು ನೋಡಿದ ಕೂಡಲೇ ವಿಷಯ ಗೊತ್ತಾಯಿತು.

ಚೆಕ್ಕುಗಳಿಗೆ ಅನ್ವಯಿಸುವ ವರ್ಗಾವಣೀಯ ಲಿಖಿತಗಳ ಕಾಯ್ದೆ (ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್) 1881ರದ್ದು. ಕೋರ್ಟಿನಲ್ಲಿ ಎಲ್ಲರೂ ಎನ್.ಐ. ಆಕ್ಟ್ ಎನ್ನುತ್ತಾರೆ. ಚೆಕ್ ಅಮಾನ್ಯವಾಗುವುದನ್ನು ಅಪರಾಧ ಮಾಡಿದ 138ನೇ ಕಲಂ ಅದಕ್ಕೆ ಸೇರಿದ್ದು 1989ರ ಏಪ್ರಿಲ್ 1ರಿಂದ. ಆದರೆ ಚೆಕ್ ವಾಪಸಾದ ಮಾತ್ರಕ್ಕೆ ಅಪರಾಧ ಪೂರ್ತಿಯಾಗುವುದಿಲ್ಲ. ಚೆಕ್ ಚಾಲ್ತಿಯಲ್ಲಿರುವಾಗಲೇ, ಅಂದರೆ ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳೊಳಗೆ, ಬ್ಯಾಂಕಿಗೆ ಹಾಕಿರಬೇಕು. ವಾಪಸಾದ ಮಾಹಿತಿ ಬ್ಯಾಂಕಿನಿಂದ ಸಿಕ್ಕ 30 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟು ಹಣ ಕೇಳಬೇಕು. ನೋಟಿಸ್ ತಲುಪಿದ 15 ದಿನದೊಳಗೆ ಅವನು ಕೊಡದಿದ್ದರೆ ಆಗ ಅಪರಾಧ. ಅಲ್ಲಿಂದ ಒಂದು ತಿಂಗಳೊಳಗೆ ದೂರು ದಾಖಲಾಗಬೇಕು. ಕೊನೆಯ ಈ ಒಂದು ತಿಂಗಳು ಮೀರಿದರೆ ಸಕಾರಣ ತೋರಿಸಿ ವಿಳಂಬ ಮನ್ನಾ ಕೇಳಬಹುದು. ನೋಟಿಸಿನ 30 ದಿನ ಮೀರಿದರೆ ಮನ್ನಾ ಎಂಬುದೇ ಇಲ್ಲ. ಜ್ವರ ಬಂದಿತ್ತು, ಮನೆಯಲ್ಲಿ ಮದುವೆ ಇತ್ತು, ಅವನೇ ತಡೆಯಿರಿ ಎಂದಿದ್ದ, ಯಾವುದೂ ನಡೆಯುವುದಿಲ್ಲ.

ಡಿಸೆಂಬರ್ 9ಕ್ಕೆ 30 ದಿನ ಕೂಡಿಸಿದರೆ ಜನವರಿ 8. ಅವರು ನನ್ನೆದುರು ಕೂತದ್ದು 16ರಂದು. ಸಂಕ್ರಾಂತಿ ಕಳೆಯಲಿ ಎಂಬ ವ್ಯಾಪಾರಿಯ ಮಾತು ಬರೀ ಕಾಲಹರಣದ್ದೋ, ಯಾರಾದರೂ ಹೇಳಿಕೊಟ್ಟದ್ದೋ ನಾನು ಹೇಳಲಾರೆ. ಆದರೆ ಇಂಥ ವಾಯಿದೆಗಳು ಮೂವತ್ತನೇ ದಿನದ ಆಚೆಗೇ ಹೋಗಿ ಬೀಳುವುದನ್ನು ಬಹಳ ಸಲ ಕಂಡಿದ್ದೇನೆ.

‘ಹಾಗಾದರೆ ಕೇಸ್ ಹೋಯಿತಾ, ಸಾರ್?’ ಎಂದು ಮಗ ಕೇಳಿದ.

ಹೋಗಿರಲಿಲ್ಲ. ಚೆಕ್ ಇನ್ನೂ ಚಾಲ್ತಿಯಲ್ಲಿತ್ತು, ಮಾರ್ಚ್ ಮೊದಲ ವಾರದವರೆಗೆ. ಒಂದು ಸಲ ವಾಪಸಾದ ಚೆಕ್ಕನ್ನು ಚಾಲ್ತಿಯ ಅವಧಿಯೊಳಗೆ ಮತ್ತೆ ಹಾಕಬಹುದು. ಎರಡನೇ ಸಲ ವಾಪಸಾದರೆ ಆ ದಿನದಿಂದ ಹೊಸ 30 ದಿನ ಶುರುವಾಗುತ್ತದೆ. 2012ರ ಎಂಎಸ್‌ಆರ್ ಲೆದರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಇತ್ಯರ್ಥ ಮಾಡಿದೆ. ಬೇರೆ ಏನೂ ಆಗಿರದಿದ್ದರೆ ಅಂದೇ ಮಧ್ಯಾಹ್ನ ಚೆಕ್ಕನ್ನು ಮತ್ತೆ ಬ್ಯಾಂಕಿಗೆ ಕಳಿಸುತ್ತಿದ್ದೆ.

ಆದರೆ ನಡುವೆ ಆ 60,000 ರೂಪಾಯಿ ಬಂದು ಕೂತಿತ್ತು. ಚೆಕ್ 4,20,000ಕ್ಕೆ, ಬಾಕಿ ಉಳಿದದ್ದು 3,60,000ಕ್ಕೆ. 2022ರ ಅಕ್ಟೋಬರ್‌ನಲ್ಲಿ, ಅಂದರೆ ಈ ಜೋಳ ಲಾರಿ ಹತ್ತುವ ತಿಂಗಳ ಹಿಂದಷ್ಟೇ, ದಶರಥಭಾಯಿ ಪಟೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತ್ತು: ಚೆಕ್ ಕೊಟ್ಟ ಮೇಲೆ, ಬ್ಯಾಂಕಿಗೆ ಹಾಕುವ ಮೊದಲು ಸ್ವಲ್ಪ ಹಣ ಸಂದಾಯವಾಗಿದ್ದರೆ ಅಷ್ಟನ್ನು ಚೆಕ್ಕಿನ ಮೇಲೆ ನಮೂದಿಸಬೇಕು. ನಮೂದಿಸದೆ ಪೂರ್ತಿ ಮೊತ್ತಕ್ಕೆ ಹಾಕಿದರೆ, ಆ ಚೆಕ್ ಅಂದಿನ ನಿಜವಾದ ಸಾಲವನ್ನು ಪ್ರತಿನಿಧಿಸುವುದಿಲ್ಲ, ಅದು ವಾಪಸಾದರೂ 138ನೇ ಕಲಂ ಅನ್ವಯಿಸುವುದಿಲ್ಲ. ಮೊಬೈಲ್‌ನಲ್ಲಿ ಹಣ ಹಾಕುವ ಈ ಕಾಲದಲ್ಲಿ ಈ ತೀರ್ಪು ಎಷ್ಟು ಜನರ ಪ್ರಕರಣ ಕೆಡಿಸಬಲ್ಲದು ಎಂದು ಯೋಚಿಸಿ. ಬಂದ ಹಣವನ್ನು ಬೇಡವೆನ್ನಲಾಗದು. ಆದರೆ ಬಂದದ್ದನ್ನು ಮರೆತು ಹಳೆಯ ಚೆಕ್ಕನ್ನು ಹಾಗೆಯೇ ಬ್ಯಾಂಕಿಗೆ ಹಾಕಕೂಡದು.

ಚೆಕ್ಕಿನ ಮೇಲೆ ‘60,000 ಸಂದಿದೆ’ ಎಂದು ಷರಾ ಬರೆದು ಉಳಿದ ಮೊತ್ತಕ್ಕೆ ಹಾಕಲು ಅದೇ ಕಾಯ್ದೆಯ 56ನೇ ಕಲಂನಲ್ಲಿ ಅವಕಾಶ ಇದೆ. ಕಾನೂನಿನಲ್ಲಿ ಇದೆ ಎಂಬ ಮಾತ್ರಕ್ಕೆ ಬ್ಯಾಂಕಿನ ಕೌಂಟರಿನಲ್ಲಿ ಸಲೀಸಾಗಿ ನಡೆಯುತ್ತದೆ ಎಂದಲ್ಲ. ಚೆಕ್ಕಿನ ಚಿತ್ರ ತೆಗೆದು ಕ್ಲಿಯರಿಂಗ್‌ಗೆ ಕಳಿಸುವ ಈಗಿನ ವ್ಯವಸ್ಥೆಯಲ್ಲಿ ಮೇಲೆ ಏನಾದರೂ ಬರೆದಿರುವ ಚೆಕ್ ಕಂಡರೆ ಗುಮಾಸ್ತರು ಹಿಂದೆ ತಳ್ಳುತ್ತಾರೆ. ನನಗೆ ಸರಿ ಕಂಡ ದಾರಿ ಬೇರೆ: ಬಾಕಿ 3,60,000ಕ್ಕೆ ಹೊಸ ಚೆಕ್ ಕೇಳುವುದು, ಜೊತೆಗೆ ಒಂದು ಲೆಕ್ಕದ ಚೀಟಿಗೆ ಸಹಿ ಹಾಕಿಸಿಕೊಳ್ಳುವುದು.

ಊರಿನ ಇಬ್ಬರು ಹಿರಿಯರು ದಾವಣಗೆರೆಯ ಮಂಡಿಪೇಟೆಗೆ ಹೋಗಿ ವ್ಯಾಪಾರಿಯ ಮುಂದೆ ಕೂತರು. ಮುಂದಿನ ಹಂಗಾಮಿಗೂ ಅವನಿಗೆ ಆ ಕಡೆಯ ಜೋಳ ಬೇಕಿತ್ತು. ಫೆಬ್ರುವರಿ 1ರ ತಾರೀಖು ಹಾಕಿ ರೈತರ ಹೆಸರಿಗೇ ಹೊಸ ಚೆಕ್ ಕೊಟ್ಟ. ಲೆಕ್ಕದ ಚೀಟಿಯಲ್ಲಿ ಐದೇ ಸಾಲು: 210 ಕ್ವಿಂಟಲ್, ದರ 2,000, ಒಟ್ಟು 4,20,000, ಮೊಬೈಲ್ ಮೂಲಕ ಸಂದದ್ದು 60,000, ಬಾಕಿ 3,60,000. ಕೆಳಗೆ ಅವನ ಸಹಿ. ಆ ಚೀಟಿ ನಮ್ಮ ಪ್ರಕರಣದ ಬೆನ್ನೆಲುಬಾಯಿತು.

ನೋಟಿಸ್, ಅಂಚೆ, ಲೆಕ್ಕಾಚಾರ

ಹೊಸ ಚೆಕ್ಕೂ ಫೆಬ್ರುವರಿ 3ರಂದು ವಾಪಸಾಯಿತು. ಈ ಸಲದ ಕಾರಣ ‘ಪಾವತಿ ನಿಲ್ಲಿಸಲು ಖಾತೆದಾರರ ಸೂಚನೆ’. ‘ಹಣ ಇಲ್ಲ ಎಂದು ಬಂದಿಲ್ಲವಲ್ಲ, ಇದು ಚೆಕ್ ಬೌನ್ಸ್ ಆಗುತ್ತದೆಯೇ?’ ಎಂದು ಸೊಸೆ ಕೇಳಿದರು. ಆಗುತ್ತದೆ. ಪಾವತಿ ನಿಲ್ಲಿಸಿದ್ದಕ್ಕೂ, ಖಾತೆ ಮುಚ್ಚಿದ್ದಕ್ಕೂ, ಸಹಿ ಬೇರೆ ಮಾಡಿದ್ದಕ್ಕೂ ಈ ಕಲಂ ತಾಗುತ್ತದೆ ಎಂದು ಸುಪ್ರೀಂ ಕೋರ್ಟ್ ಬೇರೆ ಬೇರೆ ಪ್ರಕರಣಗಳಲ್ಲಿ ಹೇಳಿದೆ. ಖಾತೆಯಲ್ಲಿ ಸಾಕಷ್ಟು ಹಣ ಇಟ್ಟುಕೊಂಡೇ, ನ್ಯಾಯವಾದ ಕಾರಣಕ್ಕೆ ಪಾವತಿ ನಿಲ್ಲಿಸಿದೆ ಎಂದು ಆರೋಪಿ ರುಜುವಾತು ಮಾಡಿದರೆ ಮಾತ್ರ ಬೇರೆ ಮಾತು. ಮುಂದೆ ಅವನ ಬ್ಯಾಂಕಿನಿಂದ ಖಾತೆಯ ವಿವರ ತರಿಸಿದಾಗ ಆ ದಿನ ಅಲ್ಲಿದ್ದದ್ದು ಹನ್ನೊಂದು ಸಾವಿರ ಚಿಲ್ಲರೆ.

ಮೆಮೊ ರೈತರ ಕೈಗೆ ಸಿಕ್ಕಿದ್ದು ಫೆಬ್ರುವರಿ 6ರಂದು. 13ರಂದು ನೋಟಿಸ್ ಕಳಿಸಿದೆ, ಅಂಗಡಿಯ ವಿಳಾಸಕ್ಕೊಂದು, ಮನೆಯ ವಿಳಾಸಕ್ಕೊಂದು, ಸ್ವೀಕೃತಿ ಸಹಿತ ನೋಂದಾಯಿತ ಅಂಚೆಯಲ್ಲಿ. ನೋಟಿಸಿನಲ್ಲಿ ಕೇಳಿದ ಮೊತ್ತ 3,60,000, ಚೆಕ್ಕಿನಲ್ಲಿದ್ದಷ್ಟೇ. ಬಡ್ಡಿ, ಓಡಾಟದ ಖರ್ಚು, ಮನಸ್ಸಿನ ನೋವು ಎಲ್ಲ ಸೇರಿಸಿ ಒಂದು ದೊಡ್ಡ ಅಂಕಿ ಬರೆಯಬೇಕೆಂದು ಕಕ್ಷಿದಾರರು ಒತ್ತಾಯಿಸುವುದುಂಟು. ಚೆಕ್ಕಿನ ಮೊತ್ತ ಬೇರೆಯಾಗಿ ಎದ್ದು ಕಾಣದ ನೋಟಿಸ್ ಕಾನೂನಿನ ಕಣ್ಣಲ್ಲಿ ನೋಟಿಸೇ ಅಲ್ಲ.

ಎರಡು ಲಕೋಟೆಗಳ ಗತಿಯೂ ಒಂದೇ ಆಯಿತು. ಅಂಚೆಯವರು ಫೆಬ್ರುವರಿ 15ರಂದು ಹೋದಾಗ ‘ಊರಲ್ಲಿಲ್ಲ’ ಎಂಬ ಉತ್ತರ. ಸೂಚನಾ ಚೀಟಿ ಬಿಟ್ಟು ಬಂದರು. ಅವನು ಬಂದು ಪಡೆಯಲಿಲ್ಲ. 25ರಂದು ‘ಮಾಹಿತಿ ನೀಡಲಾಗಿದೆ, ಪಡೆದಿಲ್ಲ’ ಎಂಬ ಷರಾದೊಂದಿಗೆ ಲಕೋಟೆ ನನ್ನ ಕಚೇರಿಗೆ ಮರಳಿತು. ಲಕೋಟೆ ತೆಗೆದುಕೊಳ್ಳದಿದ್ದರೆ ಕಾನೂನು ತನ್ನನ್ನು ಹಿಡಿಯುವುದಿಲ್ಲ ಎಂದು ನಂಬಿದವರು ನಮ್ಮ ಪೇಟೆಯಲ್ಲಿ ಇಂದಿಗೂ ಇದ್ದಾರೆ. ಸರಿಯಾದ ವಿಳಾಸಕ್ಕೆ ನೋಂದಾಯಿತ ಅಂಚೆಯಲ್ಲಿ ಕಳಿಸಿದ ಪತ್ರ ತಲುಪಿದೆ ಎಂದೇ ಭಾವಿಸಬೇಕು. 2007ರ ಅಲವಿ ಹಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನೋಟಿಸ್ ಬಂದಿಲ್ಲ ಎನ್ನುವವನು ಸಮನ್ಸ್ ಬಂದ 15 ದಿನದೊಳಗೆ ಹಣ ಕಟ್ಟಿ ಪಾರಾಗಬಹುದು, ಅದನ್ನೂ ಮಾಡದವನು ನೋಟಿಸ್ ಬಂದಿಲ್ಲವೆಂದು ತಕರಾರು ತೆಗೆಯುವಂತಿಲ್ಲ ಎಂದಿತು. ಆದ್ದರಿಂದ ಮರಳಿ ಬಂದ ಲಕೋಟೆಯನ್ನು ಒಡೆಯಬೇಡಿ. ಅಂಟು ಹಾಕಿದಂತೆಯೇ, ಷರಾ ಸಮೇತ, ಅದು ಕೋರ್ಟಿಗೆ ಹೋಗಬೇಕಾದ ದಾಖಲೆ.

ಈಗ ನಾಜೂಕಿನ ಲೆಕ್ಕ. ಹದಿನೈದು ದಿನವನ್ನು ಯಾವ ದಿನದಿಂದ ಎಣಿಸಬೇಕು? ಸೂಚನಾ ಚೀಟಿ ಬಿಟ್ಟ 15ರಿಂದಲೋ, ಲಕೋಟೆ ಮರಳಿದ 25ರಿಂದಲೋ? 15ರಿಂದ ಎಣಿಸಿದರೆ ಗಡುವು ಮಾರ್ಚ್ 2ಕ್ಕೆ ಮುಗಿಯುತ್ತದೆ, ದೂರಿಗೆ ಏಪ್ರಿಲ್ 2ರವರೆಗೆ ಸಮಯ. 25ರಿಂದ ಎಣಿಸಿದರೆ ಮಾರ್ಚ್ 12ಕ್ಕೆ ಮುಗಿಯುತ್ತದೆ, ಅದಕ್ಕೂ ಮೊದಲು ದೂರು ಕೊಟ್ಟರೆ ಅವಧಿಗೆ ಮುಂಚಿನದಾಗಿ ಬಿದ್ದುಹೋಗುತ್ತದೆ. ತಡವಾದರೆ ಕೆಡುವಂತೆ ಬೇಗವಾದರೂ ಕೆಡುತ್ತದೆ. ಹೀಗಿರುವಾಗ ಎದುರು ವಕೀಲರು ಯಾವ ಲೆಕ್ಕ ಹಿಡಿದರೂ ನಿಲ್ಲುವಂಥ ದಿನ ಆರಿಸಬೇಕು. ಮಾರ್ಚ್ 13ರಿಂದ ಏಪ್ರಿಲ್ 2ರ ನಡುವಿನ ಯಾವ ದಿನವಾದರೂ ಎರಡೂ ಲೆಕ್ಕಕ್ಕೆ ಸರಿ. ಯುಗಾದಿಗೆ ಎರಡು ದಿನ ಮುಂಚೆ, ಮಾರ್ಚ್ 20ರಂದು, ದೂರು ದಾಖಲಿಸಿದೆ.

ದಾಖಲಿಸಿದ್ದು ಜಗಳೂರಿನ ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ, ನ್ಯಾಯಾಲಯದಲ್ಲಿ. ವ್ಯಾಪಾರಿಯ ಮನೆ, ಅಂಗಡಿ, ಬ್ಯಾಂಕ್ ಎಲ್ಲವೂ ದಾವಣಗೆರೆಯಲ್ಲಿ. ಆದರೂ 2015ರ ತಿದ್ದುಪಡಿಯ ನಂತರ, ಖಾತೆಗೆ ಹಾಕಿದ ಚೆಕ್ಕಿನ ಪ್ರಕರಣ ನಡೆಯಬೇಕಾದದ್ದು ಹಣ ಪಡೆಯಬೇಕಾದವರ ಖಾತೆ ಇರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲಿ. ರೈತರು ಅದೇ ಬ್ಯಾಂಕಿನ ದಾವಣಗೆರೆ ಶಾಖೆಯಲ್ಲಿ ಚೆಕ್ ಹಾಕಿದ್ದರೂ ಲೆಕ್ಕಕ್ಕೆ ಬರುವುದು ಅವರ ಸ್ವಂತ ಶಾಖೆಯೇ. ಹೀಗಾಗಿ ಬಸ್ ಹತ್ತಬೇಕಾದವನು ವ್ಯಾಪಾರಿ.

ಕೋರ್ಟಿನಲ್ಲಿ

ಮೊದಲ ಕೆಲವು ತಿಂಗಳ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಖಾಸಗಿ ದೂರಿಗೆ ಪಿಸಿಆರ್ (ಖಾಸಗಿ ದೂರುಗಳ ನೋಂದಣಿ) ಸಂಖ್ಯೆ ಬಿತ್ತು, ರೈತರ ಅಫಿಡವಿಟ್ ಸಲ್ಲಿಸಿದೆವು, ಸಮನ್ಸ್ ಹೊರಟಿತು, ‘ಸಿಗಲಿಲ್ಲ’ ಎಂದು ಮರಳಿತು, ಮತ್ತೆ ಹೊರಟಿತು. ಜಾಮೀನುರಹಿತ ವಾರಂಟ್ ಆದ ಮೇಲೆ ಆಗಸ್ಟ್‌ನಲ್ಲಿ ವ್ಯಾಪಾರಿ ವಕೀಲರೊಂದಿಗೆ ಹಾಜರಾಗಿ ಜಾಮೀನು ಪಡೆದ. ಅಪರಾಧ ಒಪ್ಪುವುದಿಲ್ಲ ಎಂದ. ಚೆಕ್ ಪ್ರಕರಣಗಳನ್ನು ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆಯಲ್ಲೇ ಬರೆದಿದೆ. ಬರೆದವರು ಸಮನ್ಸ್ ಜಾರಿಯನ್ನು ಹತ್ತಿರದಿಂದ ನೋಡಿರಲಿಕ್ಕಿಲ್ಲ.

ಆರೋಪಿ ತಪ್ಪೊಪ್ಪದಿದ್ದಾಗ 143ಎ ಕಲಂ ಅಡಿ ಮಧ್ಯಂತರ ಪರಿಹಾರ ಕೇಳಬಹುದು. 2018ರ ತಿದ್ದುಪಡಿಯಿಂದ ಬಂದ ಅವಕಾಶ ಇದು. ಚೆಕ್ ಮೊತ್ತದ ಶೇ 20ರವರೆಗೆ. ನಾವು 72,000 ಕೇಳಿದೆವು. ನ್ಯಾಯಾಲಯ ಶೇ 10, ಅಂದರೆ 36,000 ಕೊಡಿಸಿತು. ಇದು ಹಕ್ಕಿನಂತೆ ಸಿಗುವುದಲ್ಲ; ಮೇಲ್ನೋಟಕ್ಕೆ ಪ್ರಕರಣ ಎಷ್ಟು ಗಟ್ಟಿ ಎಂದು ನೋಡಿ ನ್ಯಾಯಾಧೀಶರು ತೀರ್ಮಾನಿಸುತ್ತಾರೆ ಎಂದು 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಸ್ಪಷ್ಟಪಡಿಸಿತು. ಮೊತ್ತ ಚಿಕ್ಕದಾದರೂ ಪರಿಣಾಮ ಚಿಕ್ಕದಲ್ಲ. ಅಲ್ಲಿಯವರೆಗೆ ವಾಯಿದೆಯ ಮೇಲೆ ವಾಯಿದೆ ಕೇಳುತ್ತಿದ್ದ ವ್ಯಾಪಾರಿ, ಜೇಬಿನಿಂದ ಹಣ ಹೋದ ಮೇಲೆ ಪ್ರಕರಣವನ್ನು ಮೈಗೆ ಹಚ್ಚಿಕೊಂಡ.

ಅವನ ವಾದ ಮೂರು ಕವಲಾಗಿತ್ತು. ಚೆಕ್ಕನ್ನು ಭದ್ರತೆಗಾಗಿ ಸಹಿ ಮಾಡಿ ಖಾಲಿ ಕೊಟ್ಟಿದ್ದೆ, ಅವರೇ ತುಂಬಿಕೊಂಡಿದ್ದಾರೆ. ಜೋಳಕ್ಕೆ ಬೂಷ್ಟು ಹಿಡಿದಿತ್ತು, ಮಿಲ್‌ನವರು ನನಗೆ ಕಡಿತ ಮಾಡಿದ್ದಾರೆ. ನೋಟಿಸ್ ಬಂದಿಲ್ಲ.

ಮೂರನೆಯದರ ಕಥೆ ಮೇಲೆ ಬಂದಿದೆ. ಮೊದಲನೆಯದನ್ನು ಪ್ರತಿ ಚೆಕ್ ಪ್ರಕರಣದಲ್ಲೂ ಕೇಳುತ್ತೇವೆ. ಸಹಿ ತನ್ನದೆಂದು ಒಪ್ಪಿದ ಮೇಲೆ ಉಳಿದ ಬರಹ ಯಾರದೆಂಬುದು ಮುಖ್ಯವಲ್ಲ, ಖಾಲಿ ಚೆಕ್ಕಿಗೆ ಸ್ವಇಚ್ಛೆಯಿಂದ ಸಹಿ ಹಾಕಿ ಕೊಟ್ಟವನೂ ಹೊಣೆಗಾರನೇ ಎಂದು 2019ರ ಬೀರ್ ಸಿಂಗ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಸಹಿ ಒಪ್ಪಿದೊಡನೆ ಸಾಲ ಇತ್ತೆಂದು ನ್ಯಾಯಾಲಯ ಭಾವಿಸಿಕೊಂಡು ಹೊರಡಬೇಕು. ಇರಲಿಲ್ಲ ಎಂದು ತೋರಿಸುವ ಹೊರೆ ಆರೋಪಿಯ ಮೇಲೆ. ಈ ತತ್ವಕ್ಕೆ ದೇಶದೆಲ್ಲೆಡೆ ವಕೀಲರು ಉಲ್ಲೇಖಿಸುವ 2010ರ ರಂಗಪ್ಪ ಪ್ರಕರಣ ಹುಟ್ಟಿದ್ದು ನಮ್ಮ ಪಕ್ಕದ ರಾಣೆಬೆನ್ನೂರಿನ ನ್ಯಾಯಾಲಯದಲ್ಲಿ, 45,000 ರೂಪಾಯಿಯ ಒಂದು ಚೆಕ್ಕಿನಿಂದ. ಅಲ್ಲಿಯೂ ಆರೋಪಿ ಪಾವತಿ ನಿಲ್ಲಿಸಿದ್ದ.

ಹಾಗೆಂದು ಸಹಿ ಒಂದಿದ್ದರೆ ಗೆದ್ದೆವು ಎಂದು ಮೈಮರೆಯುವಂತಿಲ್ಲ. ಕರ್ನಾಟಕದಿಂದಲೇ ಹೋದ ಬಸಲಿಂಗಪ್ಪ ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಆರೋಪಿಯನ್ನು ಬಿಡುಗಡೆ ಮಾಡಿತು, ಏಕೆಂದರೆ ಆರು ಲಕ್ಷ ಕೈಸಾಲ ಕೊಟ್ಟೆ ಎಂದ ಫಿರ್ಯಾದಿ, ಅಷ್ಟು ಹಣ ಕೊಡುವ ಶಕ್ತಿ ತನಗಿತ್ತು ಎಂಬುದನ್ನು ತೋರಿಸಲಾಗಲಿಲ್ಲ. ಕೈಸಾಲ ಕೊಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ನಮ್ಮದು ಸಾಲವಲ್ಲ, ಮಾಲು ಕೊಟ್ಟದ್ದು. ತೋರಿಸಬೇಕಾದದ್ದು ಮಾಲು ಹೋಗಿದೆ ಎಂಬುದನ್ನು.

ಇಲ್ಲಿ ನೆರವಾದದ್ದು ಸೊಸೆ. ವೇಬ್ರಿಡ್ಜ್‌ನ ಚೀಟಿಗಳು ಬಿಸಿಯಲ್ಲಿ ಅಚ್ಚಾಗುವ ಆ ನುಣುಪು ಕಾಗದದವು. 2024ರ ಬೇಸಿಗೆಯ ಹೊತ್ತಿಗೆ ಅಕ್ಷರ ಪೂರ್ತಿ ಮಾಸಿ ಬರೀ ಹಳದಿ ಹಾಳೆಗಳಾಗಿದ್ದವು. ಆದರೆ ಅವರು ತೂಕ ಹಾಕಿದ ದಿನವೇ ಎರಡನ್ನೂ ಮೊಬೈಲ್‌ನಲ್ಲಿ ಫೋಟೊ ತೆಗೆದಿದ್ದರು. ಅಡುಗೆಮನೆಯ ಗೋಡೆಯ ಮೇಲಿದ್ದ ಕ್ಯಾಲೆಂಡರಿನ ನವೆಂಬರ್ ಹಾಳೆಯಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ, ನೀಲಿ ಪೆನ್ನಿನಲ್ಲಿ ‘ಲೋಡ್ 1 – 104.60’, ಮರುದಿನದ ಚೌಕದಲ್ಲಿ ‘ಲೋಡ್ 2 – 105.40’, ಅದರ ಕೆಳಗೆ ಲಾರಿಯ ನಂಬರ್. ಫೋಟೊಗಳನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಆಗಿನ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ, ಅಂದರೆ ಡಿಜಿಟಲ್ ದಾಖಲೆಯ ದೃಢೀಕರಣ, ಬೇಕಿತ್ತು; ಫೋನ್ ಅವರದು, ಪ್ರಮಾಣಪತ್ರಕ್ಕೆ ಸಹಿ ಮಾಡಿದವರೂ ಅವರೇ. ಈ ಪ್ರಮಾಣಪತ್ರವಿಲ್ಲದೆ ವಾಟ್ಸ್‌ಆ್ಯಪ್ ಸಂದೇಶದ ಪ್ರಿಂಟ್ ತೆಗೆದುಕೊಂಡು ಬಂದರೆ ಅದು ಬರೀ ಕಾಗದ.

ಮುಂದೆ ಪಾಟೀಸವಾಲು, ಅಂದರೆ ನಮ್ಮ ಸಾಕ್ಷಿಗಳನ್ನು ಎದುರು ವಕೀಲರು ಪ್ರಶ್ನಿಸುವ ಹಂತ. ಅವರು ಅನುಭವಸ್ಥರು. ಕ್ಯಾಲೆಂಡರ್ ಹಿಡಿದು ಸೊಸೆಯನ್ನು ಕೇಳಿದರು: ‘ಕೋರ್ಟಿಗೆ ಬರುವ ಮುಂಚೆ ಇದನ್ನು ಬರೆದಿರಿ, ಅಲ್ಲವೇ?’

‘ಅಲ್ಲ. ಅದರ ಹಿಂದೆ ಗ್ಯಾಸ್ ಸಿಲಿಂಡರ್ ಬಂದ ದಿನವೂ ಇದೆ, ನೋಡಿ. ನಾನು ದಿನವೂ ಬರೆಯುತ್ತೇನೆ.’

ಹಾಳೆ ತಿರುಗಿಸಿದರು. ಇತ್ತು. ಆ ಪ್ರಶ್ನೆಯನ್ನು ಅವರು ಅಲ್ಲಿಗೇ ಬಿಟ್ಟರು.

ರೈತರನ್ನು ಆ 60,000ದ ಬಗ್ಗೆ ಬಹಳ ಹೊತ್ತು ಕೆದಕಿದರು. ಬಂದದ್ದನ್ನು ಮುಚ್ಚಿಟ್ಟಿದ್ದಾರೆ ಎಂದು ತೋರಿಸುವುದು ಅವರ ಉದ್ದೇಶ. ಆದರೆ ಅದು ನೋಟಿಸಿನಲ್ಲಿತ್ತು, ದೂರಿನಲ್ಲಿತ್ತು, ಅಫಿಡವಿಟ್‌ನಲ್ಲಿತ್ತು, ವ್ಯಾಪಾರಿಯೇ ಸಹಿ ಮಾಡಿದ ಲೆಕ್ಕದ ಚೀಟಿಯಲ್ಲೂ ಇತ್ತು. ಇನ್ನು ಬೂಷ್ಟಿನ ವಾದಕ್ಕೆ ಅವನ ಬಳಿ ಮಿಲ್‌ನ ಒಂದು ಕಡಿತದ ಚೀಟಿಯೂ ಇರಲಿಲ್ಲ. ಮಾಲಿನಲ್ಲಿ ನಿಜವಾಗಿ ದೋಷವಿದ್ದರೆ ನವೆಂಬರ್‌ನಲ್ಲಿ ಹೇಳಬೇಕಿತ್ತು. ಎರಡು ತಿಂಗಳ ನಂತರ ಪೂರ್ತಿ ದರ ಹಾಕಿ ಲೆಕ್ಕಕ್ಕೆ ಸಹಿ ಮಾಡುತ್ತಿರಲಿಲ್ಲ.

ರಾಜಿ

ಪಾಟೀಸವಾಲು ಮುಗಿದ ಮೇಲೆ ರಾಜಿಯ ಮಾತು ಬಂತು. ತಂದೆಗೆ ಹಣ ಬಂದರೆ ಸಾಕಿತ್ತು. ಮಗನಿಗೆ ವ್ಯಾಪಾರಿ ಜೈಲಿಗೆ ಹೋಗಬೇಕಿತ್ತು. ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ ಎಂದಿದೆ ನಿಜ. ಎರಡು ಪಟ್ಟು ಅಂದರೆ 7,20,000 ಎಂದು ಮಗ ಮನಸ್ಸಿನಲ್ಲಿ ಎಣಿಸಿಟ್ಟಿದ್ದ. ಆದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಕೊಡಿಸುವುದು ಚೆಕ್ ಮೊತ್ತ, ಅದರ ಮೇಲೆ ಒಂದಿಷ್ಟು ಬಡ್ಡಿ. ಶೇ 9 ಸರಳ ಬಡ್ಡಿ ಸೂಕ್ತವೆಂದು 2011ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೇಜಿನ ಮೇಲೆ ಲೆಕ್ಕ ಮಾಡಿ ತೋರಿಸಿದೆ: 3,60,000ಕ್ಕೆ ವರ್ಷಕ್ಕೆ 32,400, ಹತ್ತೊಂಬತ್ತು ತಿಂಗಳಿಗೆ 51,300. ಒಟ್ಟು 4,11,300. ಗೆದ್ದರೆ ಬರಬಹುದಾದದ್ದು ಇಷ್ಟು. ಅದರ ಮೇಲೆ ಅವನು ಮೇಲ್ಮನವಿ ಹೋಗುತ್ತಾನೆ. ಶೇ 20 ಠೇವಣಿ ಕಟ್ಟಿಸಬಹುದು, ಆದರೆ ವರ್ಷಗಳು ಉರುಳುತ್ತವೆ.

ಜೈಲಿನ ಆಸೆ ಬಿಡುವಂತೆ ಕಕ್ಷಿದಾರರಿಗೆ ಹೇಳುವುದು ವಕೀಲಿಕೆಯಲ್ಲಿ ಅಪ್ರಿಯವಾದ ಕೆಲಸ. ಎದುರಿನವರಿಗೆ ಮಾರಿಕೊಂಡಿದ್ದಾನೆ ಎಂಬ ಅನುಮಾನ ಕಣ್ಣಲ್ಲಿ ಕಾಣುತ್ತದೆ. ಆದರೂ ಹೇಳಬೇಕು.

2024ರ ಸೆಪ್ಟೆಂಬರ್‌ನ ರಾಷ್ಟ್ರೀಯ ಲೋಕ ಅದಾಲತ್‌ನಲ್ಲಿ ಕೂತೆವು. ವ್ಯಾಪಾರಿ 3,60,000 ಮಾತ್ರ ಎಂದ. ಮಗ 5,00,000ಕ್ಕಿಂತ ಕಡಿಮೆ ಆಗದು ಎಂದ. ಹೊರಗೆ ಜಗಲಿಯಲ್ಲಿ ಊರಿನ ಅದೇ ಹಿರಿಯರು ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿದರು. ಕೊನೆಗೆ 4,00,000ಕ್ಕೆ ಬಂದು ನಿಂತಿತು. ಈಗಾಗಲೇ ಕೊಟ್ಟಿದ್ದ 36,000 ಕಳೆದು ಉಳಿದದ್ದು 3,64,000. ಅಂದೇ 1,64,000, ಮುಂದೆ ಒಂದೊಂದು ಲಕ್ಷದ ಎರಡು ಕಂತು, ನವೆಂಬರ್ 15 ಮತ್ತು ಜನವರಿ 15. ಪೂರ್ತಿ ಗೆದ್ದಿದ್ದರೆ ಬರುತ್ತಿದ್ದುದಕ್ಕಿಂತ 11,300 ಕಡಿಮೆ.

ರಾಜಿ ಪತ್ರದಲ್ಲಿ ನಾನು ಬಿಡದೆ ಸೇರಿಸಿದ ಒಂದು ಷರತ್ತು: ಯಾವುದೇ ಕಂತು ತಪ್ಪಿದರೆ ಉಳಿದ ಅಷ್ಟೂ ಹಣ ಒಮ್ಮೆಗೇ ಕೊಡತಕ್ಕದ್ದು, ತಪ್ಪಿದ ದಿನದಿಂದ ಶೇ 12 ಬಡ್ಡಿ ಸಹಿತ. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ. ಚೆಕ್ಕಿನ ಕ್ರಿಮಿನಲ್ ಪ್ರಕರಣದಲ್ಲಿ ಆದ ರಾಜಿಯನ್ನೂ ಡಿಕ್ರಿಯಂತೆ ಜಾರಿ ಮಾಡಿಸಿಕೊಳ್ಳಬಹುದು ಎಂದು 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ‘ರಾಜಿ ಮಾಡಿಕೊಂಡು ಮತ್ತೆ ಕೈಕೊಟ್ಟರೆ ಮೊದಲಿಂದ ಕೇಸ್ ಹಾಕಬೇಕೇ?’ ಎಂದು ರೈತರು ಎರಡು ಸಲ ಕೇಳಿದ್ದರು. ಬೇಕಿಲ್ಲ.

ನವೆಂಬರ್ ಕಂತು ತಾರೀಖಿಗೆ ಸರಿಯಾಗಿ ಬಂತು. ಜನವರಿಯದು ಬರಲಿಲ್ಲ. ಮತ್ತೆ ಸಂಕ್ರಾಂತಿಯ ನೆಪ. ಈ ಸಲ ರೈತರು ಅವನಿಗೆ ಫೋನ್ ಮಾಡದೆ, ಮರುದಿನ ಬೆಳಿಗ್ಗೆ ನೇರ ನನ್ನ ಕಚೇರಿಗೆ ಬಂದರು. ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸುವ ಅರ್ಜಿ, ಸಿದ್ಧಮಾಡಿ, ಅಂಗಡಿಯ ಮಾಲನ್ನು ಜಪ್ತಿ ಮಾಡಲು ಕೋರುವ ಭಾಗಕ್ಕೆ ಗುರುತು ಹಾಕಿ, ಪ್ರತಿಯನ್ನು ಎದುರು ವಕೀಲರಿಗೆ ಕಳಿಸಿದೆ. ಸಂಜೆಯೊಳಗೆ ಒಂದು ಲಕ್ಷ ರೈತರ ಖಾತೆಗೆ ಜಮೆಯಾಯಿತು. ಒಂದು ದಿನದ ಬಡ್ಡಿಯನ್ನು ಅವರು ಕೇಳಲಿಲ್ಲ. ನಾನೂ ಕೇಳಿ ಎನ್ನಲಿಲ್ಲ.